ಭಾವ ತಂದ ಎಂಜಿನ್ ಆಯಿಲ್

ಮೋಟರ್‌ಸೈಕಲ್ಲಿಗೆ ಕಾರಿನ ಆಯಿಲ್ ಹಾಕಬಾರದು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನನ್ನ ಗಾಡಿಗೆ ಅದನ್ನೇ ಹಾಕಿಸಿಕೊಂಡೆ, ಅದೂ ನನ್ನ ಕೈಯಲ್ಲೇ ಲಾಳಿಕೆ ಹಿಡಿದುಕೊಂಡು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಈಗ ಆ ದಿನ ನೆನಪಾದರೆ ಒಬ್ಬಳೇ ಕೂತಿದ್ದರೂ ಮುಖ ಬಿಸಿಯಾಗುತ್ತದೆ.

ನಾವು ಇರುವುದು ಹೈದರಾಬಾದಿನ ಕೂಕಟ್‌ಪಲ್ಲಿಯ ಒಂದು ಅಪಾರ್ಟ್‌ಮೆಂಟಿನಲ್ಲಿ. ನಾನು ಹತ್ತಿರದ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ನನ್ನ ಯಜಮಾನರು ಮತ್ತು ಅವರ ಅಣ್ಣ ಸೇರಿ ಕೋಠಿಯಲ್ಲಿ ಸೀರೆ ಫಾಲು, ಲೈನಿಂಗ್ ಬಟ್ಟೆಯ ಅಂಗಡಿ ನಡೆಸುತ್ತಾರೆ. ಮೂಲ ಊರು ಹುಮನಾಬಾದಿನ ಕಡೆ. ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ. ಮೋಟರ್‌ಸೈಕಲ್ ನನ್ನದು. ದೂರ ಪ್ರಯಾಣಕ್ಕೆಂದೇ ಮಾಡಿದ ಎತ್ತರದ ಗಾಡಿ, ಹಿಂದೆ ಎರಡೂ ಬದಿಗೆ ಸಾಮಾನಿನ ಪೆಟ್ಟಿಗೆ. ಯಜಮಾನರಿಗೆ ಸೈಕಲ್ ಬಿಟ್ಟು ಬೇರೇನೂ ಬರುವುದಿಲ್ಲ. ಶ್ರೀಶೈಲಕ್ಕೆ ಹೋದರೂ ಬೀದರಿಗೆ ಹೋದರೂ ಅವರು ಹಿಂದೆ ಕೂತು, ಲಾರಿ ಎದುರಾದಾಗಲೆಲ್ಲ ನನ್ನ ಜಾಕೆಟ್ಟನ್ನು ಹಿಂಡಿ, ಲಾರಿ ಹೋದ ಮೇಲೆ ಏನೂ ಆಗದವರಂತೆ ಹೊಲಗದ್ದೆ ನೋಡುತ್ತಾರೆ.

ಇಷ್ಟೆಲ್ಲ ಧೈರ್ಯ ಹೊರಗಿನದು. ಮನೆಗೆ ಭಾವ, ಅಂದರೆ ಯಜಮಾನರ ಅಣ್ಣ, ಬಂದರೆ ನಾನು ಬೇರೆಯೇ ಹೆಂಗಸು. ತಲೆಯ ಮೇಲೆ ಸೆರಗು, ಕಣ್ಣು ನೆಲದ ಮೇಲೆ. ತಮ್ಮನ ಹೆಂಡತಿ ಭಾವನ ಜೊತೆ ನೇರವಾಗಿ ಮಾತಾಡುವುದು ನಮ್ಮ ಮನೆತನದಲ್ಲಿ ಇಲ್ಲ. ಅವರೂ ಆಡುವುದಿಲ್ಲ. ನಾನು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದರೂ ಅವರು, "ತಮ್ಮಾ, ಚಾದಾಗ ಸಕ್ಕರಿ ಭಾಳ ಆಗೇತಿ ಅಂತ ಹೇಳು" ಎನ್ನುತ್ತಾರೆ. ನಾನು ಯಜಮಾನರಿಗೆ, "ಮುಂದಿನ ಸಲ ಕಮ್ಮಿ ಹಾಕ್ತೀನಿ ಅಂತ ಹೇಳ್ರಿ" ಎನ್ನುತ್ತೇನೆ. ಯಜಮಾನರು ಎರಡೂ ಕಡೆಗೆ ತಲೆಯಾಡಿಸುತ್ತಾರೆ. ಲ್ಯಾಬಿನಲ್ಲಿ ತಪ್ಪು ಸೀಸೆ ಕಳಿಸಿದ ಡಾಕ್ಟರನ್ನೂ ಬಿಡದೆ ಬೈಯುವವಳು ನಾನು. ಆದರೆ ಸೆರಗಿನ ಒಳಗೆ ಹೋದರೆ ಬಾಯಿಗೆ ಬೀಗ. ಇದು ದಬ್ಬಾಳಿಕೆ ಎಂದು ನನಗೆ ಅನಿಸಿದ್ದಿಲ್ಲ. ಮರ್ಯಾದೆ ಅಂದುಕೊಂಡಿದ್ದೆ, ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ನನ್ನ ಗಾಡಿಯ ಬಗ್ಗೆ ಭಾವ ವರ್ಷಗಟ್ಟಲೆ ಒಂದು ಮಾತೂ ಆಡಿರಲಿಲ್ಲ. ಪಾರ್ಕಿಂಗಿನಲ್ಲಿ ಅದರ ಪಕ್ಕದಲ್ಲೇ ಹಾದು ಬರುವಾಗ ಕತ್ತು ಬೇರೆ ಕಡೆ ತಿರುಗಿಸುತ್ತಿದ್ದರು. ಹೀಗಿರುವಾಗ ಒಂದು ಸಂಜೆ ಅಕ್ಕನಿಗೆ, ಅಂದರೆ ಭಾವನ ಹೆಂಡತಿಗೆ, ನಮ್ಮ ಮನೆಯಲ್ಲೇ ಎದೆನೋವು ಬಂತು. ಮೆಟ್ರೊ ಕಂಬಗಳ ಕೆಳಗೆ ಗಾಡಿಗಳು ಅಲ್ಲಾಡದೆ ನಿಂತಿದ್ದ ಹೊತ್ತು. ಆಂಬುಲೆನ್ಸಿಗೆ ಕಾಯದೆ ಅಕ್ಕನನ್ನು ಹಿಂದೆ ಕೂರಿಸಿಕೊಂಡು, ನನ್ನ ದುಪಟ್ಟಾದಿಂದ ಅವರನ್ನು ನನ್ನ ಬೆನ್ನಿಗೆ ಕಟ್ಟಿಕೊಂಡು, ಸಂದಿಗೊಂದಿ ನುಗ್ಗಿ ಆಸ್ಪತ್ರೆ ಮುಟ್ಟಿಸಿದೆ. ಅಕ್ಕ ಉಳಿದರು. ಭಾವ ಆಗಲೂ ನನಗೇನೂ ಹೇಳಲಿಲ್ಲ. ಆದರೆ ಮಗಳ ಕುಬಸಕ್ಕೆ ಹೊರಡುವ ಮಾತು ಬಂದಾಗ ಯಜಮಾನರಿಗೆ ಹೇಳಿದರು, "ಆಕಿ ಗಾಡಿ ಮುಂದ ಹೋಗ್ಲಿ. ನಮ್ಮ ಕಾರು ಹಿಂದ ಬರ್ತಾವ. ಬೀಗರು ನೋಡ್ಲಿ, ನಮ್ಮ ಮನಿ ಸೊಸಿ ಹ್ಯಾಂಗ ಗಾಡಿ ಹೊಡೀತಾಳಂತ."

ಭಾವನ ಮಗಳನ್ನು ಕೊಟ್ಟಿರುವುದು ಕಲಬುರಗಿಗೆ. ಚೊಚ್ಚಲ ಬಸುರಿಗೆ ಏಳನೆಯ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಕುಬಸದ ಖಣ, ಬಗೆಬಗೆಯ ಬುತ್ತಿ ತೆಗೆದುಕೊಂಡು ಹೋಗುವುದು ನಮ್ಮ ಕಡೆಯ ಪದ್ಧತಿ. ಆ ಮೆರವಣಿಗೆಯ ಮುಂದೆ ನನ್ನ ಗಾಡಿ. ಆ ರಾತ್ರಿ ನನಗೆ ನಿದ್ದೆಯೇ ಹತ್ತಲಿಲ್ಲ, ಖುಷಿಗೆ.

ಗಾಡಿಯಲ್ಲಿ ಒಂದು ಕುಂದೂ ಇರಬಾರದೆಂದು ತಯಾರಿಗೆ ನಿಂತೆ. ನನ್ನ ಖಾಯಂ ಮೆಕ್ಯಾನಿಕ್ ಅಂಗಡಿ ಮುಚ್ಚಿ ಊರಿಗೆ ಹೋಗಿಬಿಟ್ಟಿದ್ದ. ಆಯಿಲ್ ನಾನೇ ಬದಲಾಯಿಸುವುದೆಂದು ಗಾಡಿಯ ಕೈಪಿಡಿ ತೆಗೆದು ಓದಿದೆ. ಕಾರಿನಲ್ಲಿ ಕ್ಲಚ್ ಎಂಜಿನ್ನಿನ ಹೊರಗೆ ಒಣಗಿಕೊಂಡು ಇರುತ್ತದೆ. ನನ್ನಂಥ ಗಾಡಿಯಲ್ಲಿ ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಒಂದೇ ಆಯಿಲ್ಲಿನ ಸ್ನಾನ. ಕಾರಿನ ಆಯಿಲ್ಲಿಗೆ ಹೆಚ್ಚು ಜಾರಲೆಂದು ಏನೇನೋ ಬೆರೆಸಿರುತ್ತಾರೆ. ಎಂಜಿನ್ನಿಗೆ ಅದು ಒಳ್ಳೆಯದೇ, ಆದರೆ ಕ್ಲಚ್ಚಿನ ಪ್ಲೇಟುಗಳು ಒಂದನ್ನೊಂದು ಬಿಗಿಯಾಗಿ ಹಿಡಿಯಬೇಕು, ಅವೂ ಜಾರತೊಡಗಿದರೆ ಗಾಡಿ ಅರಚುತ್ತದೆ, ಮುಂದೆ ಹೋಗುವುದಿಲ್ಲ. ಅದಕ್ಕೇ ಡಬ್ಬಿಯ ಮೇಲೆ ಎಂಎ-ಟು ಎಂಬ ಗುರುತು ನೋಡಿ ತರಬೇಕು. ಇನ್ನು ತೆಳುವು ಗಟ್ಟಿಯ ಲೆಕ್ಕ. ನಮ್ಮ ಹೈದರಾಬಾದಿನ ಬಿಸಿಲಿಗೆ, ಸಿಗ್ನಲ್ಲಿನಲ್ಲಿ ಬೇಯುವ ಎಂಜಿನ್ನಿಗೆ, ಹಿಂದೆ ಯಜಮಾನರ ಭಾರಕ್ಕೆ ತೀರಾ ತೆಳ್ಳಗಿನದು ಸಾಲದು. ಕೈಪಿಡಿ ಹದಿನೈದು-ಐವತ್ತು ಎಂಬ ಗಟ್ಟಿತನದ್ದು ಬೇಕೆನ್ನುತ್ತಿತ್ತು. ಅಬಿಡ್ಸಿನಲ್ಲಿ ನಾಲ್ಕಾರು ಅಂಗಡಿ ಸುತ್ತಿ, ಪ್ರತಿ ಡಬ್ಬಿಯ ಬೆನ್ನು ತಿರುಗಿಸಿ ಓದಿ, ಅಂಗಡಿಯವರ ಬೇಸರದ ಮುಖ ಸಹಿಸಿ, ಬೇಕಾದದ್ದನ್ನೇ ತಂದೆ.

ಹೊರಡುವ ಹಿಂದಿನ ದಿನ ಭಾನುವಾರ. ಪಾರ್ಕಿಂಗಿನಲ್ಲಿ ಕೂತು ಹಳೆಯ ಆಯಿಲ್ ಬಸಿಯುತ್ತಿದ್ದೆ, ಯಜಮಾನರು ಪಕ್ಕದಲ್ಲಿದ್ದರು. ಭಾವ ಬಂದರು. ನಾನು ಕೊಳೆ ಕೈಯಿಂದಲೇ ದುಪಟ್ಟಾ ತಲೆಗೆ ಎಳೆದುಕೊಂಡು ಎದ್ದು ನಿಂತೆ. ಅವರ ಕೈಯಲ್ಲಿ ಬಂಗಾರದ ಬಣ್ಣದ ಡಬ್ಬಿ.

"ತಮ್ಮಾ, ಎಲ್ಲಾಕ್ಕಿಂತ ಚಲೋದು ಕೊಡು ಅಂತ ಹೇಳಿ ತಂದೀನಿ. ದೊಡ್ಡ ದೊಡ್ಡ ಕಾರಿಗೆ ಹಾಕ್ತಾರಂತ. ಆ ಡಬ್ಬಿ ಬಾಜೂಕ ಇಡು, ಇದ ಹಾಕ್ಲಿ" ಎಂದರು.

ಯಜಮಾನರು ನನ್ನ ಮುಖ ನೋಡಿದರು. ಕೈಪಿಡಿಯನ್ನು ವಾರವಿಡೀ ಅವರಿಗೆ ಓದಿ ಹೇಳಿ ತಲೆ ತಿಂದಿದ್ದೆನಲ್ಲ, ಅವರಿಗೂ ಗೊತ್ತಿತ್ತು. ನಾನು ನೆಲ ನೋಡಿದೆ. ಭಾವ ಕುರ್ಚಿ ತರಿಸಿಕೊಂಡು ಕೂತರು, ಚಹಾ ಕುಡಿದರು. ಆಮೇಲೆ ಎದ್ದು ಬಂದು ಡಬ್ಬಿಯ ಮುಚ್ಚಳ ತಾವೇ ತಿರುವಿದರು. ನಾನು ಲಾಳಿಕೆ ಹಿಡಿದೆ. ಅವರು ಹೊಯ್ದರು, ಒಂದು ಹನಿಯೂ ಚೆಲ್ಲದಂತೆ, ದೇವರಿಗೆ ಎಣ್ಣೆ ಎರೆಯುವ ಶ್ರದ್ಧೆಯಿಂದ. ಒಂದು ಮಾತು ಸಾಕಿತ್ತು. ಯಜಮಾನರ ಮೂಲಕವೇ ಆಡಬಹುದಿತ್ತು. ಇಷ್ಟು ವರ್ಷ ಕತ್ತು ತಿರುಗಿಸಿಕೊಂಡು ಹೋದ ಮನುಷ್ಯ ನನ್ನ ಗಾಡಿಗೆ ಕೈಯಾರೆ ಆಯಿಲ್ ಹಾಕುತ್ತಿದ್ದಾರೆ, ಈಗ ಹೇಗೆ ಬೇಡವೆನ್ನಲಿ?

ಅವರು ಹೋದ ಮೇಲೆ ಯಜಮಾನರು, "ತೆಗೆದು ನಿಂದು ಹಾಕಿಬಿಡು" ಅಂದರು.

"ನಾಳೆ ಅವರು ಕೇಳಿದ್ರ ಸುಳ್ಳು ಹೇಳ್ತೀರೇನ್ರಿ? ಒಂದು ಸಲಕ್ಕ ಏನೂ ಆಗಂಗಿಲ್ಲ" ಅಂದೆ.

ಒಂದು ಸಲಕ್ಕೆ ಏನೂ ಆಗುವುದಿಲ್ಲ ಎನ್ನುವ ರೋಗಿಗಳಿಗೆ ದಿನಾ ಬುದ್ಧಿ ಹೇಳುವವಳು ನಾನೇ.

ಮುಂಜಾನೆ ಹೊರಟೆವು. ಮುಂದೆ ನಾನು, ಹಿಂದೆ ಯಜಮಾನರು, ಅವರ ಹಿಂದೆ ಎರಡು ಕಾರು. ಪಟಾನ್‌ಚೆರು ದಾಟುವವರೆಗೆ ಗಾಡಿ ಬೆಣ್ಣೆಯಂತೆ ಹೋಯಿತು. ಕನ್ನಡಿಯಲ್ಲಿ ಭಾವನ ಕಾರು ಕಂಡಾಗಲೆಲ್ಲ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಜಹೀರಾಬಾದ್ ದಾಟಿದ ಮೇಲೆ ಒಂದು ಏರಿನಲ್ಲಿ ಲಾರಿಯನ್ನು ಹಿಂದೆ ಹಾಕಲು ಹೋದೆ. ಎಂಜಿನ್ ಕೂಗಿತು, ಗಾಡಿ ಮುಂದೆ ಹೋಗಲಿಲ್ಲ. ಲಾರಿಯನ್ನೇ ಮುಂದೆ ಬಿಟ್ಟು ಎಡಕ್ಕೆ ಸರಿದೆ. ಪ್ಲೇಟುಗಳು ಮೊದಲೇ ಸವೆದಿದ್ದವೋ ಏನೋ, ಹುಮನಾಬಾದಿನ ಹತ್ತಿರ ಬರುವಷ್ಟರಲ್ಲಿ ಸಮತಟ್ಟಿನಲ್ಲೂ ಎಳೆಯದಾಯಿತು. ಸುಟ್ಟ ವಾಸನೆ ಬಂತು. ಗಾಡಿ ಬದಿಗೆ ನಿಲ್ಲಿಸಿದೆ.

ಭಾವ ಗಾಡಿಯನ್ನು ಒಂದು ಸಣ್ಣ ಲಾರಿಗೆ ಹೇರಿಸಿ ಹೈದರಾಬಾದಿಗೆ ಕಳಿಸಿದರು. ಹೆಲ್ಮೆಟನ್ನು ತೊಡೆಯ ಮೇಲಿಟ್ಟುಕೊಂಡು, ಕಾರಿನ ಹಿಂದಿನ ಸೀಟಿನಲ್ಲಿ ಬುತ್ತಿಯ ಗಂಟಿನ ಪಕ್ಕ ಸಾಮಾನಿನಂತೆ ತುರುಕಿಸಿಕೊಂಡು ಕಲಬುರಗಿಗೆ ಬಂದೆ. ಬೀಗರ ಮನೆಯ ಬಾಗಿಲಲ್ಲೇ ಯಾರೋ, "ಗಾಡಿ ಹೊಡ್ಯಾಕಿ ಬರ್ತಾಳಂದಿದ್ರಿ, ಎಲ್ಲಿರಿ ಗಾಡಿ?" ಎಂದರು. ಹೆಣ್ಣುಮಕ್ಕಳ ಕೈಗೆ ಗಾಡಿ ಕೊಟ್ಟರೆ ಹೀಗೇ ಎಂಬ ಮಾತೂ ಕಿವಿಗೆ ಬಿತ್ತು.

ಭಾವ ಅಲ್ಲೇ ನಿಂತು, "ಆಕಿ ತಪ್ಪಲ್ರಿ. ಆಕಿ ಭಾಳ ಚಲೋ ಹೊಡೀತಾಳ. ಮಿಷನ್ ಅಂದ ಮ್ಯಾಲ ಕೆಡ್ತಾವ" ಎಂದರು. ನನ್ನ ಪರವಾಗಿ, ಜನರ ಎದುರಿಗೆ. ನಾನು ಭೂಮಿಗೆ ಇಳಿದುಹೋದೆ.

ಆಮೇಲೆ ಸೀರೆಯುಟ್ಟು, ಸೆರಗು ಹೊದ್ದು ಪಡಸಾಲೆಗೆ ಬಂದೆ. ಆರತಿಯಾಯಿತು, ಹುಡುಗಿಗೆ ಕುಬಸ ತೊಡಿಸಿದರು. ಬೀಗರಿಗೆ, ಅಳಿಯನಿಗೆ ಆಯಾರ ಮಾಡಲು, ಅಂದರೆ ಉಡುಗೊರೆ ಕೊಡಲು, ಬಟ್ಟೆಯ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದರು. ಅಳಿಯನ ತಟ್ಟೆಯಲ್ಲಿ ಪ್ಯಾಂಟು ಶರ್ಟಿನ ಬಟ್ಟೆ, ಟೊಪ್ಪಿಗೆ, ತೆಂಗಿನಕಾಯಿ. ಅವುಗಳ ನಡುವೆ ಬಂಗಾರದ ಬಣ್ಣದ ಡಬ್ಬಿ, ಮುಚ್ಚಳಕ್ಕೆ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಅಳಿಯನದೂ ನನ್ನಂಥದೇ ಗಾಡಿ. ಭಾವ ನನಗೆ ತರುವಾಗ ಅವನಿಗೂ ಒಂದು ತಂದಿದ್ದರು.

ಯಜಮಾನರನ್ನು ಮೂಲೆಗೆ ಕರೆದೆ. "ಹೋಗಿ ಹೇಳ್ರಿ, ಈಗ."

"ಇಷ್ಟು ಮಂದಿ ನಡುವ ಹ್ಯಾಂಗ ಹೇಳ್ಲಿ? ಊಟ ಆದ ಮ್ಯಾಲ ಹೇಳ್ತೀನಿ, ಸುಮ್ಮನಿರು."

ಸುಮ್ಮನಿದ್ದೆ. ಅದರಲ್ಲಿ ನನ್ನಷ್ಟು ಪಳಗಿದವರು ಯಾರೂ ಇರಲಿಲ್ಲ.

ಅಳಿಯ ಆಯಾರ ತೆಗೆದುಕೊಂಡು ಭಾವನ ಕಾಲಿಗೆ ನಮಸ್ಕರಿಸಿದ. ಡಬ್ಬಿ ಕಂಡು ಅವನ ಮುಖ ಅರಳಿತು. ಕೈಗೆತ್ತಿಕೊಂಡು ಹಿಂದೆ ತಿರುಗಿಸಿ ಓದಿ, ನಕ್ಕ. ಅವನ ನಗೆಯಲ್ಲಿ ಕೆಡುಕು ಇರಲಿಲ್ಲ. "ಮಾವಾರ, ಇದು ಕಾರಿಂದು ಐತ್ರಿ. ಗಾಡಿಗೆ ಹಾಕಿದ್ರ ಕ್ಲಚ್ ಜಾರ್ತೈತಿ. ಏರಿನಾಗ ಎಳ್ಯಂಗಿಲ್ಲ."

ಅವನ ಅಪ್ಪ ಕೂತಲ್ಲಿಂದಲೇ ಕೇಳಿದರು, "ಬರ್ತಾ ಕೆಟ್ಟು ನಿಂತ ಗಾಡಿಗೂ ಇದನ್ನ ಹಾಕಿದ್ರೇನ್ರಿ ಬೀಗರ?"

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಹೆಂಗಸರೂ ನಕ್ಕರು. ಭಾವನೂ ನಕ್ಕರು, ಎಲ್ಲರಿಗಿಂತ ತಡವಾಗಿ. ಆಮೇಲೆ ತಮ್ಮನ ಕಡೆ ನೋಡಿದರು. ಯಜಮಾನರು ತಲೆ ತಗ್ಗಿಸಿದರು. ಭಾವನ ಕಣ್ಣು ಅಲ್ಲಿಂದ ನನ್ನ ಕಡೆ ಬಂತು.

ಊಟಕ್ಕೆ ಎಲೆ ಹಾಕುತ್ತಿದ್ದಾಗ ನಾನು ಹಿತ್ತಲಿನ ನಳದ ಹತ್ತಿರ ಹೋಗಿ ನಿಂತೆ. ಭಾವ ಕೈ ತೊಳೆಯಲು ಬಂದರು. ನಾನು ಸೆರಗು ಎಳೆದುಕೊಂಡು ಬದಿಗೆ ಸರಿದೆ. ಯಜಮಾನರು ಅಲ್ಲಿರಲಿಲ್ಲ. ಭಾವ ಕೈ ತೊಳೆದು, ಪಂಚೆಯ ಅಂಚಿಗೆ ಒರೆಸಿಕೊಂಡು, ಹೋಗದೆ ನಿಂತರು.

"ನಿನಗ ಮೊದಲ ಗೊತ್ತಿತ್ತೇನವ್ವಾ?"

"ಗೊತ್ತಿತ್ರಿ."

"ನಾ ಹಾಕಾಕತ್ತಾಗ?"

"ಹೌದ್ರಿ. ನಿಮ್ಮ ಎದುರು ಮಾತಾಡಿದಂಗ ಆಗ್ತದಂತ... ನಿಮ್ಮ ಮರ್ಯಾದಿ..."

ಒಳಗೆ ಇನ್ನೂ ಯಾರೋ ಡಬ್ಬಿಯ ಮಾತೆತ್ತಿ ನಗುತ್ತಿದ್ದರು, ನಮ್ಮಿಬ್ಬರಿಗೂ ಕೇಳಿಸುತ್ತಿತ್ತು.

"ನೀ ಹೇಳಿದ್ರ ನಾ ಕೇಳ್ತಿದ್ದಿಲ್ಲೇನವ್ವಾ?" ಎಂದರು ಭಾವ.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಒಳ್ಳೆಯದಿತ್ತು. ಅವರು ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದರು. ಅವರು ಕೇಳಿಯಾರು ಎಂಬ ಯೋಚನೆ ಇಷ್ಟು ವರ್ಷದಲ್ಲಿ ಒಮ್ಮೆಯೂ ನನ್ನ ತಲೆಗೆ ಬಂದಿರಲಿಲ್ಲ. ಆ ಮನುಷ್ಯನಿಗೆ ಸೆರಗು ಹೊದ್ದು ಗೌರವ ಕೊಡುತ್ತಿದ್ದೇನೆಂದು ತಿಳಿದು, ಒಂದು ಸಣ್ಣ ಮಾತನ್ನೂ ತಡೆದುಕೊಳ್ಳಲಾರದವರು ಎಂದು ಅವರ ಬಗ್ಗೆ ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಭಾವ ಅಂಗಿ ಸರಿಮಾಡಿಕೊಂಡು ಒಳಗೆ ಹೋದರು, ನಗುತ್ತಿದ್ದವರ ಪಂಕ್ತಿಯಲ್ಲೇ ಹೋಗಿ ಊಟಕ್ಕೆ ಕೂತರು.