ಒಂದೇ ಜಾಗಕ್ಕೆ ಇಬ್ಬರು

"ನೀನು ಯಾವ ಜಾಗದಲ್ಲಿ ಆಡ್ತೀಯ?" ಎಂದು ಅವಳು ತಲೆಯನ್ನೂ ಎತ್ತದೆ ನನ್ನನ್ನು ಕೇಳಿದಳು. ಶೂ ಲೇಸು ಬಿಗಿಯುತ್ತಿದ್ದಳು.

"ಪಾಯಿಂಟ್ ಗಾರ್ಡ್," ಎಂದೆ.

"ಅದು ನಂದು," ಎಂದವಳೇ ಎದ್ದು, ಚೆಂಡು ಪುಟಿಸುತ್ತ ಜಿಮ್ಮಿನ ಆ ತುದಿಗೆ ಹೊರಟುಹೋದಳು.

ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ಆದರೆ ನನ್ನ ನೆನಪಿನಲ್ಲಿ ಅದು ಏಕೋ ಕನ್ನಡದಲ್ಲೇ ಉಳಿದಿದೆ. ಬಾಸ್ಕೆಟ್‌ಬಾಲಿನಲ್ಲಿ ಚೆಂಡನ್ನು ಕೋರ್ಟಿನ ಈ ತುದಿಯಿಂದ ಆ ತುದಿಗೆ ತಂದು, ಯಾರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವವಳು ಪಾಯಿಂಟ್ ಗಾರ್ಡ್. ಒಂದು ತಂಡದಲ್ಲಿ ಆ ಕೆಲಸಕ್ಕೆ ಒಬ್ಬಳೇ ಇರುತ್ತಾಳೆ. ನಾವು ಇಬ್ಬರಿದ್ದೆವು.

ಅವಳು ಓಕ್‌ಲ್ಯಾಂಡಿನ ಹುಡುಗಿ. ಹೈಸ್ಕೂಲು ಮುಗಿಸಿ ನೇರವಾಗಿ ನಮ್ಮ ಕಾಲೇಜಿಗೆ ಬಂದಿದ್ದಳು. ಹಿರಿಯ ಗಾರ್ಡ್ ಒಬ್ಬಳು ಇದ್ದ ಕಾರಣ ಎರಡು ವರ್ಷ ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟಿದ್ದಳು. ಆ ಹಿರಿಯವಳು ಪದವಿ ಮುಗಿಸಿ ಹೋದಮೇಲೆ ಇನ್ನು ತನ್ನ ಸರದಿ ಎಂದುಕೊಂಡಿದ್ದಳು. ಅಷ್ಟರಲ್ಲಿ ನಾನು ಬಂದೆ.

ನಾನು ಮೈಸೂರಿನವಳು. ಶಾಲೆಯ ಸಿಮೆಂಟ್ ಕೋರ್ಟಿನಲ್ಲಿ ಆಡುತ್ತ ರಾಜ್ಯ ತಂಡದವರೆಗೂ ಹೋಗಿದ್ದೆ. ಎಂಬತ್ತರ ದಶಕದ ನಡುವೆ, ಸನಿವೇಲಿನಲ್ಲಿ ಎಂಜಿನಿಯರಾಗಿದ್ದ ಅಣ್ಣ ಓದಲೆಂದು ನನ್ನನ್ನು ಕರೆಸಿಕೊಂಡ. ಮೊದಲು ಸೇರಿದ್ದು ಮನೆಗೆ ಹತ್ತಿರದ ಎರಡು ವರ್ಷದ ಕಾಲೇಜಿಗೆ; ಅಲ್ಲಿಂದ ದೊಡ್ಡ ಕಾಲೇಜಿನ ಮೂರನೆಯ ವರ್ಷಕ್ಕೆ ಹೋಗಬಹುದಿತ್ತು. ಅಲ್ಲಿನ ಕೋಚ್ ವಯಸ್ಸಾದ ಹೆಂಗಸು. ನಾನು ಎದೆಯ ಹತ್ತಿರ ಎರಡೂ ಕೈಯಲ್ಲಿ ಚೆಂಡು ಹಿಡಿದು ದೂಡುವುದನ್ನು ನೋಡಿ ಅವರು ನಗಲಿಲ್ಲ. ನೆಲದ ಮೇಲೆ ಅಂಗಾತ ಮಲಗಿಸಿ, ಒಂದೇ ಕೈಯಲ್ಲಿ ಚೆಂಡನ್ನು ಸೀಲಿಂಗಿನ ಕಡೆಗೆ ಎಸೆದು ಹಿಡಿಯಲು ಹೇಳಿದರು. ವಾರಗಟ್ಟಲೆ ಅಷ್ಟೇ. ಭುಜ ಸೆಳೆಯುತ್ತಿತ್ತು, ಅನ್ನ ಕಲಸಲೂ ಕಷ್ಟವಾಗುತ್ತಿತ್ತು. ಆದರೆ ಎರಡನೆಯ ವರ್ಷದ ಹೊತ್ತಿಗೆ ನಾನು ದೂರದಿಂದ ಎಸೆದ ಚೆಂಡು ರಿಂಗು ತಾಕದೆ ಬಲೆಯೊಳಗೆ ಇಳಿಯತೊಡಗಿತು.

ಅದನ್ನು ನೋಡಿದ್ದು, ಬೇ ಎಂದು ಕರೆಯುವ ಕೊಲ್ಲಿಯ ಆಚೆಯ ನಾಲ್ಕು ವರ್ಷದ ಕಾಲೇಜೊಂದರ ಕೋಚ್. ಅವರು ಹಿಂದಿನ ವರ್ಷ ಹೆಚ್ಚುಕಡಿಮೆ ಎಲ್ಲ ಆಟಗಳನ್ನೂ ಸೋತಿದ್ದರು. ಈ ವರ್ಷವೂ ಸೋತರೆ ಕೆಲಸ ಉಳಿಯುವುದಿಲ್ಲ ಎಂಬುದು ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಅವರು ಬೇರೆ ಕಾಲೇಜುಗಳಲ್ಲಿ ಪಳಗಿದವರನ್ನೇ ಆರಿಸಿ ತಂದರು. ಸ್ಯಾಕ್ರಮೆಂಟೋ ಕಡೆಯಿಂದ ಒಬ್ಬ ಎತ್ತರದ ಶೂಟರ್, ಒರೆಗಾನಿನಿಂದ ಒಬ್ಬಳು, ನಾನು. ಮೊದಲ ದಿನವೇ ಎಲ್ಲರನ್ನೂ ನೆಲದ ಮೇಲೆ ಕೂರಿಸಿ ಹೇಳಿದರು: "ಸಸಿ ನೆಟ್ಟು ನೀರು ಹಾಕ್ತಾ ಕೂರೋಕೆ ನನಗೆ ಟೈಮಿಲ್ಲ. ಹಣ್ಣು ಬಿಡೋ ಮರಾನೇ ತಂದಿದೀನಿ. ಇಷ್ಟ ಇಲ್ಲದವರು ಬಾಗಿಲು ಎಲ್ಲಿದೆ ಅಂತ ನೋಡ್ಕೋಬಹುದು."

ಸಸಿಗಳಾಗಿ ಅಲ್ಲೇ ಬೆಳೆದಿದ್ದ ಹುಡುಗಿಯರು ಒಂದು ಕಡೆ ಕೂತಿದ್ದರು. ತಂದ ಮರಗಳಾದ ನಾವು ಇನ್ನೊಂದು ಕಡೆ. ಯಾರೂ ಬಾಗಿಲ ಕಡೆ ನೋಡಲಿಲ್ಲ.

ಅಕ್ಟೋಬರಿನಲ್ಲಿ ಪ್ರಾಕ್ಟೀಸು ಶುರುವಾಯಿತು. ಓಕ್‌ಲ್ಯಾಂಡಿನ ಹುಡುಗಿಯನ್ನೇ ನನ್ನ ಎದುರಿಗೆ ನಿಲ್ಲಿಸುತ್ತಿದ್ದರು. ಅವಳು ಬೈಯಲಿಲ್ಲ, ತಳ್ಳಲಿಲ್ಲ. ನನ್ನ ಎಡಗೈ ಸೋಮಾರಿ ಎಂಬುದನ್ನು ಮೊದಲ ವಾರವೇ ಕಂಡುಹಿಡಿದಳು. ಬಲಗಡೆಯ ದಾರಿ ಮುಚ್ಚಿ ಎಡಕ್ಕೆ ಅಟ್ಟುವಳು, ಅಲ್ಲಿ ಚೆಂಡು ಕಸಿಯುವಳು. ಕಸಿದು ನನ್ನ ಮುಖ ನೋಡುವುದೂ ಇಲ್ಲ. ಅವಳು ಕಸಿದಾಗಲೆಲ್ಲ ಹಳಬರ ಗುಂಪಿನಲ್ಲಿ ಯಾರೋ ಮೆಲ್ಲಗೆ ಚಪ್ಪಾಳೆ ತಟ್ಟುತ್ತಿದ್ದರು. ಅದು ನನ್ನ ಕಿವಿಯೊಳಗೇ ತಟ್ಟಿದಂತೆ ಕೇಳಿಸುತ್ತಿತ್ತು.

ಇಷ್ಟಾದರೂ ಕೋಚ್ ಆರಿಸಿದ್ದು ನನ್ನನ್ನು. "ಅವಳು ರಿಂಗಿಗೆ ಹಾಕಲ್ಲ. ನೀನು ಹಾಕ್ತೀಯ," ಎಂದರು.

"ಹಾಗಾದರೆ ನನ್ನನ್ನ ಶೂಟಿಂಗ್ ಜಾಗದಲ್ಲಿ..." ಎಂದು ತೊದಲಿದೆ.

"ನೀನು ಗಿಡ್ಡ. ಗಿಡ್ಡವರು ಬಾಲ್ ತರ್ತಾರೆ. ಅಷ್ಟೇ."

ಮರುಮಾತಾಡುವ ಧೈರ್ಯ ನನಗಿರಲಿಲ್ಲ. ನನ್ನ ಸ್ಕಾಲರ್‌ಶಿಪ್ಪು ವರ್ಷವರ್ಷವೂ ಹೊಸದಾಗಬೇಕು. ಆಗಬೇಕೋ ಬೇಡವೋ ಎನ್ನುವವರು ಅವರೇ. ಅದು ನಿಂತರೆ ಅಣ್ಣನ ಕೈಯಲ್ಲಿ ಅಲ್ಲಿಯ ಫೀಸು ಆಗುವ ಮಾತಲ್ಲ. ಓದು ನಿಂತರೆ ವೀಸಾ ನಿಂತಂತೆ. ಅಣ್ಣ ಇದನ್ನು ಭಾನುವಾರದ ಊಟದಲ್ಲಿ ನೆನಪಿಸುತ್ತಿದ್ದ. "ನೋಡು, ಕೋಚ್ ಏನ್ ಹೇಳ್ತಾರೋ ಅದಕ್ಕೆ ಯೆಸ್ ಅನ್ನು. ಎರಡು ವರ್ಷ ಕಳೀಲಿ, ಡಿಗ್ರಿ ಕೈಗೆ ಬರಲಿ, ಆಮೇಲೆ ಬಾಲನ್ನ ಬೇ ಒಳಗೆ ಎಸಿ."

ಅತ್ತಿಗೆ ಮಾತ್ರ ತಟ್ಟೆಗೆ ಹುಳಿ ಬಡಿಸುತ್ತ ನನ್ನ ಮುಖ ನೋಡಿದರು. "ಯಾಕೆ ಸಣ್ಣಗಾಗಿದೀಯ? ಸರಿಯಾಗಿ ತಿಂತಿದೀಯಾ ಇಲ್ವಾ?"

ತಿನ್ನುತ್ತಿದ್ದೆ. ಇನ್ನೊಂದು ಸೌಟು ಹುಳಿ ಕೇಳಿ ಹಾಕಿಸಿಕೊಂಡೆ.

ಸೀಸನ್ನಿನ ಮೊದಲ ಆಟ ನಮ್ಮದೇ ಜಿಮ್ಮಿನಲ್ಲಿ. ಅತ್ತಿಗೆ ತಾವು ಕೆಲಸ ಮಾಡುವ ಲ್ಯಾಬಿನಿಂದ ನೇರವಾಗಿ ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದರು. ಎದುರಾಳಿಗಳು ಬಂದವರೇ ಪ್ರೆಸ್ ಹಾಕಿದರು. ಅಂದರೆ, ನಮ್ಮ ರಿಂಗಿನ ಕೆಳಗೆ ನಾನು ಚೆಂಡು ಹಿಡಿದ ಕ್ಷಣದಿಂದಲೇ ಇಬ್ಬರು ಮೈಮೇಲೆ ಬೀಳುವುದು. ಎಡಕ್ಕೆ ಹೋದೆ, ಕಳೆದುಕೊಂಡೆ. ಬಲಕ್ಕೆ ತಿರುಗಿದೆ, ಗೆರೆಯಾಚೆ ಕಾಲಿಟ್ಟೆ. ಪಾಸು ಕೊಟ್ಟೆ, ಅದು ಅವರ ಕೈಗೆ ಹೋಯಿತು. ಎತ್ತರದ ಶೂಟರ್ ಎರಡೂ ಕೈ ಚಾಚಿ, "ಕೊಡೇ!" ಎಂದು ಕಿರುಚುತ್ತಿದ್ದಳು. ನನಗೆ ಅವಳು ಕಾಣಿಸುತ್ತಲೇ ಇರಲಿಲ್ಲ. ಬರೀ ಕೈಗಳು, ಬೆವರು, ಯಾರದೋ ಉಸಿರು. ಕೋಚ್ ನನ್ನನ್ನು ಹೊರಗೆ ಕರೆಯಲಿಲ್ಲ. ಬಹುಶಃ ತಾವು ಆರಿಸಿದ್ದು ತಪ್ಪೆಂದು ಎಲ್ಲರೆದುರು ಒಪ್ಪಿಕೊಳ್ಳುವುದು ಅವರಿಂದಾಗಲಿಲ್ಲ. ನಾವು ಹೀನಾಯವಾಗಿ ಸೋತೆವು. ಓಕ್‌ಲ್ಯಾಂಡಿನ ಹುಡುಗಿ ವಾರ್ಮಪ್ ಜಾಕೆಟ್ಟಿನ ಗುಂಡಿಯನ್ನೂ ಬಿಚ್ಚದೆ ಕೊನೆಯವರೆಗೂ ಕೂತಿದ್ದಳು.

ಮಾರನೆಯ ಬೆಳಿಗ್ಗೆ ಜಿಮ್ಮಿನ ಹೊರಗೆ ಅವಳನ್ನು ತಡೆದು ನಿಲ್ಲಿಸಿದೆ. ಬೆಟ್ಟದಿಂದ ಮಂಜು ಇಳಿದು ಪಾರ್ಕಿಂಗ್ ಲಾಟೆಲ್ಲ ಒದ್ದೆಯಾಗಿತ್ತು.

"ಪ್ರೆಸ್ ಬಿಡಿಸಿಕೊಳ್ಳೋದು ಹೇಗೆ ಅಂತ ಹೇಳಿಕೊಡ್ತೀಯಾ?" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎರಡು ವರ್ಷ ಆ ಜಾಗಕ್ಕೆ ಕಾದಿದೀನಿ. ಅದನ್ನ ನೀನು ಹೇಗೆ ಉಳಿಸ್ಕೋಬೇಕು ಅಂತ ನಾನೇ ಹೇಳ್ಕೊಡ್ಲಾ?"

ನಾಲ್ಕು ಹೆಜ್ಜೆ ಹೋದವಳು ತಿರುಗಿದಳು. ಈಗ ಅವಳ ದನಿಯಲ್ಲಿ ನಿಜವಾದ ಸಿಟ್ಟಿತ್ತು.

"ನೀನು ಪಾಯಿಂಟ್ ಗಾರ್ಡೇ ಅಲ್ಲ, ಗೊತ್ತಾ? ನಿನ್ನ ಹಾಗೆ ಬಾಲ್ ಎಸೆಯೋವಳನ್ನ ನಾನು ನೋಡಿಲ್ಲ. ಈ ವರ್ಷ ನೆಲದ ಮೇಲೆ ಹೊಸ ಗೆರೆ ಎಳೆದಿದಾರಲ್ಲ, ಅದು ನಿನಗೋಸ್ಕರಾನೇ ಎಳೆದ ಹಾಗಿದೆ. ನಿನ್ನನ್ನ ತಪ್ಪು ಜಾಗದಲ್ಲಿ ನಿಲ್ಲಿಸಿದಾರೆ, ನನ್ನನ್ನ ಕೂರಿಸಿದಾರೆ. ಇಬ್ಬರೂ ವೇಸ್ಟು."

ಆ ವರ್ಷವೇ ಹೆಂಗಸರ ಕಾಲೇಜು ಆಟಕ್ಕೂ ಮೂರು ಅಂಕದ ಗೆರೆ ಬಂದಿತ್ತು. ಆ ಗೆರೆಯಾಚೆಯಿಂದ ಹಾಕಿದರೆ ಎರಡರ ಬದಲು ಮೂರು. ಅದನ್ನು ಇನ್ನೂ ಯಾರೂ ದೊಡ್ಡದಾಗಿ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವಳ ಮಾತು ಇಡೀ ದಿನ ಕ್ಲಾಸಿನಲ್ಲಿ ತಲೆ ತಿಂದಿತು. ಅವಳು ಹೇಳಿದ್ದು ನಿಜ ಎಂದು ನನ್ನ ಮೈಗೆ ಗೊತ್ತಿತ್ತು. ಸಂಜೆ ಪ್ರಾಕ್ಟೀಸಿಗೆ ಮುಂಚೆ ಕೋಚ್‌ ಕೋಣೆಯ ಬಾಗಿಲು ತಟ್ಟಿದೆ. ಅಣ್ಣನ 'ಯೆಸ್ ಅನ್ನು' ಎಂಬ ಮಾತು ಬೆನ್ನ ಹಿಂದೆ ನಿಂತು ಜಡೆ ಹಿಡಿದು ಎಳೆಯುತ್ತಿದ್ದ ಹಾಗಿತ್ತು.

"ಅವಳು ಬಾಲ್ ತರಲಿ. ನಾನು ಗೆರೆ ಹತ್ತಿರ ನಿಲ್ತೀನಿ," ಎಂದೆ.

"ಅವಳು ಕಳಿಸಿದಳಾ ನಿನ್ನನ್ನ?"

"ಇಲ್ಲ."

ಕೋಚ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ನಾನು ನಿನ್ನನ್ನ ಒಂದು ಕೆಲಸಕ್ಕೆ ತಂದೆ. ಆ ಕೆಲಸ ಬೇಡ ಅಂತಿದೀಯ. ನಿನಗೆ ಬೇಕಾದ ಜಾಗಕ್ಕೆ ಬೇರೆಯವಳನ್ನ ತಂದಿದೀನಿ. ನಿನಗಿಂತ ಒಂದು ತಲೆ ಎತ್ತರ ಅವಳು. ಹಾಗಾದರೆ ನಿನ್ನನ್ನ ಏನು ಮಾಡಲಿ, ಹೇಳು?"

ಮುಂದಿನ ಆಟದಲ್ಲಿ ಉತ್ತರ ಅವರೇ ಕೊಟ್ಟರು. ಒರೆಗಾನಿನವಳ ಕೈಗೆ ಚೆಂಡು ಕೊಟ್ಟು ನನ್ನನ್ನೂ ಬೆಂಚಿಗೆ ಕಳಿಸಿದರು. ಖಾಲಿ ಇದ್ದದ್ದು ಓಕ್‌ಲ್ಯಾಂಡಿನ ಹುಡುಗಿಯ ಪಕ್ಕದ ಜಾಗ. ಹೋಗಿ ಕೂತೆ.

"ಏನು ಮಾಡಿದೆ ನೀನು?" ಎಂದು ಅವಳು ಬಾಯಿ ಅಲ್ಲಾಡಿಸದೆ ಕೇಳಿದಳು. ಹೇಳಿದೆ. "ಹುಚ್ಚಿ," ಎಂದಳು ಅವಳು, ಆಟದಿಂದ ಕಣ್ಣು ತೆಗೆಯದೆ. "ನಾಳೆ ಕ್ಲಾಸಿಗೆ ಮೊದಲು ಬಾ. ನನ್ನ ಹತ್ತಿರ ಜಿಮ್ಮಿನ ಕೀ ಇದೆ."

ಆ ಚಳಿಗಾಲದ ಬೆಳಗುಗಳೇ ನನಗೆ ಆ ಕಾಲೇಜಿನ ನೆನಪು. ಅವಳು ಕೋರ್ಟಿನ ನಡುವಿನಿಂದ ಓಡಿಬಂದು ಇದ್ದಕ್ಕಿದ್ದಂತೆ ಪಾಸು ಎಸೆಯುತ್ತಿದ್ದಳು. ನಾನು ಹಿಡಿದ ಕೂಡಲೇ ಗೆರೆಯಾಚೆಯಿಂದ ರಿಂಗಿಗೆ ಎಸೆಯಬೇಕು. ತಡವಾದರೆ ಬೈಗುಳ. "ಯೋಚನೆ ಮಾಡಬೇಡ! ಯೋಚನೆ ನನ್ನ ಕೆಲಸ!" ಆಮೇಲೆ ನನ್ನ ಸರದಿ. ನಾನು ಅವಳನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಸೀಲಿಂಗಿಗೆ ಚೆಂಡು ಎಸೆಯಲು ಹೇಳಿದೆ. ಅವಳು ನಂಬಲಿಲ್ಲ. ಆದರೂ ಮಲಗಿದಳು. ನಾವು ಗೆಳತಿಯರಾದೆವು ಎನ್ನಲಾರೆ. ಒಟ್ಟಿಗೆ ಕಾಫಿ ಕುಡಿದದ್ದಿಲ್ಲ, ಮನೆಯ ವಿಷಯ ಮಾತಾಡಿದ್ದಿಲ್ಲ. ಯಾರಾದರೂ ಒಬ್ಬಳಿಗೆ ಜಾಗ ಸಿಕ್ಕರೆ ಇನ್ನೊಬ್ಬಳ ಗತಿಯೇನು ಎಂಬುದು ನಮ್ಮಿಬ್ಬರ ನಡುವೆ ಯಾವಾಗಲೂ ಇತ್ತು.

ಜನವರಿಯ ಕೊನೆಯಲ್ಲಿ, ಬರ್ಕ್ಲಿಯ ಆಚೆಗಿನ ಒಂದು ಕಾಲೇಜಿನಲ್ಲಿ ಆಟ. ಸೋತರೆ ಆ ವರ್ಷ ಟೂರ್ನಮೆಂಟಿಗೆ ಹೋಗುವ ಆಸೆ ಮುಗಿದಂತೆ. ಎರಡನೆಯ ಅರ್ಧದಲ್ಲಿ ಒರೆಗಾನಿನವಳು ಕಾಲು ಉಳುಕಿಸಿಕೊಂಡು ಕುಂಟುತ್ತ ಹೊರಬಂದಳು. ಸ್ವಲ್ಪ ಹೊತ್ತಿಗೆ ಎತ್ತರದ ಶೂಟರ್ ಐದನೆಯ ಫೌಲು ಮಾಡಿ ಆಟದಿಂದ ಹೊರಗಾದಳು. ಕೋಚ್ ಬೆಂಚಿನ ಕಡೆ ತಿರುಗಿದರು. ಅವರ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದರು.

"ಇಬ್ಬರೂ ಏಳಿ."

ಎದುರಾಳಿಗಳು ಪ್ರೆಸ್ ಹಾಕಿದರು. ಓಕ್‌ಲ್ಯಾಂಡಿನ ಹುಡುಗಿ ಮೈಮೇಲೆ ಬಿದ್ದ ಇಬ್ಬರ ನಡುವಿನಿಂದ ನೀರಿನ ಹಾಗೆ ಜಾರಿ ಬಂದಳು. ನಾನು ಗೆರೆಯಾಚೆ ನಿಂತಿದ್ದೆ. ಪಾಸು ಬಂತು, ಎಸೆದೆ, ಇಳಿಯಿತು. ಅವರು ನನ್ನ ಹತ್ತಿರ ಬಿಟ್ಟಿದ್ದ ಜಾಗ ಮುಚ್ಚುವಷ್ಟರಲ್ಲಿ ಇನ್ನೊಂದು ಇಳಿಯಿತು. ಆಮೇಲೆ ನನ್ನ ಮೇಲೆ ಇಬ್ಬರನ್ನು ಬಿಟ್ಟರು. ಆಗ ಅವಳಿಗೆ ದಾರಿ ತೆರೆಯಿತು. ಬೆಂಚಿನ ಮೇಲೆ ಹಳಬರೂ ಹೊಸಬರೂ ಒಟ್ಟಿಗೆ ಎದ್ದು ನಿಂತಿದ್ದರು.

ಕೊನೆಯ ಕೆಲವು ಸೆಕೆಂಡು ಉಳಿದಾಗ ನಾವು ಒಂದು ಅಂಕ ಹಿಂದಿದ್ದೆವು, ಚೆಂಡು ಅವಳ ಕೈಯಲ್ಲಿತ್ತು. ಇಬ್ಬರು ನನ್ನನ್ನು ಮುತ್ತಿದ್ದರು. ಅವಳು ನನ್ನ ಕಡೆ ನೋಡಿದಳು, ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ತಾನೇ ಜಿಗಿದು ಎಸೆದಳು. ಒಂದೇ ಕೈಯಲ್ಲಿ, ಸರಿಯಾಗಿ, ಮೊಣಕೈ ಎಲ್ಲೂ ಅಲುಗದೆ. ಚೆಂಡು ರಿಂಗಿನ ಮೇಲೆ ಸುತ್ತಿತು. ಅದು ಹೊರಗೆ ಬಿತ್ತು.

ಸೋತೆವು. ಬಸ್ಸಿನಲ್ಲಿ ಅವಳು ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಕೋಚ್ ನಮ್ಮ ಸೀಟಿನ ಹತ್ತಿರ ಬಂದು ಒಂದು ಗಳಿಗೆ ನಿಂತು, "ಮುಂದಿನ ಆಟ ಇಬ್ಬರೂ ಶುರುವಿನಿಂದ," ಎಂದಷ್ಟೇ ಹೇಳಿ ಹೋದರು.

ಉಳಿದ ಆಟಗಳಲ್ಲಿ ಸೋತದ್ದಕ್ಕಿಂತ ಗೆದ್ದದ್ದೇ ಹೆಚ್ಚು. ಕೋಚ್ ಕೆಲಸ ಉಳಿಯಿತು. ನನ್ನ ಸ್ಕಾಲರ್‌ಶಿಪ್ಪೂ ಉಳಿಯಿತು. ಎಲ್ಲ ಸರಿಹೋಯಿತೆಂದು ನಾನು ಹಾಯಾಗಿ ನಿದ್ದೆ ಮಾಡತೊಡಗಿದ್ದೆ. ಏಪ್ರಿಲಿನಲ್ಲಿ ಅವಳು, ತಾನು ಬೇರೆ ಕಾಲೇಜಿಗೆ ಹೋಗುತ್ತಿದ್ದೇನೆ ಎಂದಳು. ನಾಲ್ಕು ವರ್ಷದ ಕಾಲೇಜಿನಿಂದ ಇನ್ನೊಂದಕ್ಕೆ ಹೋದವರು ಆಗ ಒಂದು ವರ್ಷ ಆಡುವಂತಿರಲಿಲ್ಲ.

"ಈಗ ತಾನೇ ಜಾಗ ಸಿಕ್ಕಿದೆ. ಮತ್ತೆ ಒಂದು ವರ್ಷ ಕೂರ್ತೀಯಾ?" ಎಂದೆ.

"ಕೋಚ್ ಇನ್ನೊಬ್ಬ ಪಾಯಿಂಟ್ ಗಾರ್ಡನ್ನ ಕರೆದು ಕ್ಯಾಂಪಸ್ ತೋರಿಸ್ತಿದ್ರು. ನಿನ್ನೆ ನೋಡಿದೆ. ಒಳ್ಳೇ ಎತ್ತರ ಇದಾಳೆ." ಅವಳು ನಕ್ಕಳು. "ಅವರು ಕೆಟ್ಟವರೇನಲ್ಲ. ಅವರು ಹಾಗೇ. ಆದರೆ ನನ್ನ ಜಾಗಕ್ಕೆ ಪ್ರತಿ ವರ್ಷ ಹೊಸಬಳನ್ನ ಕೊಳ್ಳೋ ಕಡೆ ನಾನಿರಲ್ಲ."

ಮುಂದಿನ ವರ್ಷ ಆ ಎತ್ತರದ ಹುಡುಗಿಯ ಜೊತೆ ಆಡಿದೆ. ಒಳ್ಳೆಯ ಆಟಗಾರ್ತಿ. ನಾವು ಇನ್ನೂ ಹೆಚ್ಚು ಗೆದ್ದೆವು. ಆದರೆ ಪಾಸು ಎಲ್ಲಿಂದ ಬರುತ್ತದೆಂದು ನೋಡದೆಯೇ ಕೈ ಚಾಚುವ ಆ ನಂಬಿಕೆ ಮತ್ತೆ ಬರಲಿಲ್ಲ.

ಪದವಿ ಮುಗಿದು ನಾನು ಕೆಲಸಕ್ಕೆ ಸೇರಿದ ಮೇಲೆ, ಒಂದು ಶನಿವಾರ ಅತ್ತಿಗೆಯೂ ನಾನೂ ಗುಡ್ಡಗಳಾಚೆಯ ವ್ಯಾಲಿಯ ಕಡೆಗೆ ಕಾರಿನಲ್ಲಿ ಹೋದೆವು. ಓಕ್‌ಲ್ಯಾಂಡಿನ ಹುಡುಗಿ ತನ್ನ ಹೊಸ ಕಾಲೇಜಿಗೆ ಆಡುವ ಕೊನೆಯ ವರ್ಷದ ಆಟ ನೋಡಲು. ಡಬ್ಲಿನ್ ಎಂಬ ಊರು ದಾಟಿದ ಮೇಲೆ ಗುಡ್ಡಗಳು ಹಸಿರಾಗಿದ್ದವು, ಫ್ರೀವೇ ಖಾಲಿ ಇತ್ತು. ಚಿಕ್ಕ ಜಿಮ್ಮು, ಕಡಿಮೆ ಜನ. ಅವಳು ತಂಡದ ನಾಯಕಿ. ಒಂದು ಸಲ ಹೊಸ ಹುಡುಗಿಯೊಬ್ಬಳು ಪ್ರೆಸ್ಸಿನಲ್ಲಿ ಚೆಂಡು ಕಳೆದುಕೊಂಡು ಅಳುಮುಖ ಮಾಡಿದಳು. ಇವಳು ಅವಳ ಹತ್ತಿರ ಓಡಿಹೋಗಿ, ಕುತ್ತಿಗೆಯ ಸುತ್ತ ಕೈ ಹಾಕಿ, ಕಿವಿಯಲ್ಲಿ ಏನೋ ಹೇಳಿದಳು. ಆ ಹುಡುಗಿ ನಕ್ಕುಬಿಟ್ಟಳು.

"ಏನ್ ಹೇಳಿರಬಹುದು ಕಣೇ?" ಎಂದರು ಅತ್ತಿಗೆ.

"ಗೊತ್ತಿಲ್ಲ ಅತ್ತಿಗೆ. ನನಗೆ ಒಂದು ದಿನಾನೂ ಹಾಗೆ ನಗು ಬರೋ ಹಾಗೆ ಹೇಳಿರಲಿಲ್ಲ," ಎಂದೆ.

ಆಟ ಮುಗಿದು ಅವಳು ಟವೆಲ್ಲು ಹೆಗಲಿಗೆ ಹಾಕಿಕೊಂಡು ನಮ್ಮ ಹತ್ತಿರ ಬಂದಳು. ಓಕ್‌ಲ್ಯಾಂಡಿನ ತನ್ನ ಹೈಸ್ಕೂಲಿನಲ್ಲೇ ಹುಡುಗಿಯರಿಗೆ ಕೋಚ್ ಆಗುತ್ತೇನೆ, ಬೇಸಿಗೆಯಲ್ಲಿ ಸೇರಬೇಕು ಎಂದಳು. ಅತ್ತಿಗೆ ಡಬ್ಬಿ ತೆಗೆದು ಅವಳ ಕೈಗೆ ಚಕ್ಕುಲಿ ಕೊಟ್ಟರು. ಅವಳು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಇನ್ನೊಂದು ಬೇಕೆಂದು ಕೈ ಚಾಚಿದಳು.