ಮರಳು ಹೊಲದ ಅತ್ತೆ

ಅತ್ತೆಯ ಬಲಗೈ ತೋರುಬೆರಳಿನ ಉಗುರು ಯಾವಾಗಲೂ ಸವೆದು ಮೊಂಡಾಗಿರುತ್ತಿತ್ತು. ಹೊಲಕ್ಕೆ ಕಾಲಿಟ್ಟ ಕೂಡಲೇ ಕುಕ್ಕರುಗಾಲಲ್ಲಿ ಕೂತು, ಆ ಬೆರಳನ್ನು ಮರಳಿಗೆ ಇಳಿಸಿ ತಂಪು ನೋಡುವುದು ಅವರ ಅಭ್ಯಾಸ.

ನಾನು ಹಿಂದೂಪುರದ ಹತ್ತಿರ ಪರಿಗಿಯವಳು. ಮದುವೆಯಾಗಿ ಕಲ್ಯಾಣದುರ್ಗದ ಕಡೆಗೆ ಬಂದೆ. ನನ್ನ ಯಜಮಾನರಿಗೆ ಹೊಸದರ ಆಸೆ. ಮೇಲೆ ಹಾಸಿದ ಡ್ರಿಪ್ ಪೈಪನ್ನು ಅಳಿಲು ಕಡಿಯುತ್ತದೆ, ಉಳುವಾಗಲೆಲ್ಲ ಸುತ್ತಿಡಬೇಕು ಎಂದು ಹೊಲದುದ್ದಕ್ಕೂ ಗೇಣು ಆಳದಲ್ಲಿ ಪೈಪು ಹೂಳಿಸಿದರು. ನೀರು ನೇರ ಬೇರಿಗೇ ಹೋಗುತ್ತದೆ ಎಂದು ಊಟಕ್ಕೆ ಕೂತಾಗಲೂ ಅದೇ ಮಾತು. ಆ ಹೊಲದ ಮೊದಲ ಬಿತ್ತನೆಯನ್ನು ಅವರು ನೋಡಲಿಲ್ಲ. ಬೈಕಿನಲ್ಲಿ ಬರುತ್ತಿದ್ದವರಿಗೆ ಲಾರಿ ಗುದ್ದಿತು.

ತಿಥಿ ಮುಗಿದ ಮೇಲೆ ನೆಂಟರು ಹೊಲ ಗುತ್ತಿಗೆಗೆ ಕೊಡಿ ಎಂದರು. ಅತ್ತೆ ಕೇಳಲಿಲ್ಲ. ಒಂದು ಹದ ಮಳೆಗೆ ಕಡ್ಲೆಕಾಯಿ ಬಿತ್ತಿದೆವು. ಆಮೇಲೆ ಮಳೆ ಕೈಕೊಟ್ಟಿತು. ಮೋಟರು ಹಾಕಿದರೂ ಪೈಪಿಗಿಂತ ಮೇಲಿದ್ದ ಬೀಜ ಒಣಗಿಯೇ ಇತ್ತು. ಮರಳಿನಲ್ಲಿ ನೀರು ಕೆಳಕ್ಕೆ ಇಳಿಯುತ್ತದೆ, ಮೇಲಕ್ಕೆ ಏರುವುದಿಲ್ಲ. ಮೊಳೆತು ಬೇರಿಳಿಯುವವರೆಗೆ ಮೇಲಿನಿಂದಲೇ ಕೊಡಬೇಕು. ಹೊಲವೆಲ್ಲ ನಮ್ಮಿಬ್ಬರ ಕೈಲಿ ಆಗುತ್ತಿರಲಿಲ್ಲ. ತೊಟ್ಟಿಯ ಹತ್ತಿರದ ಸಾಲುಗಳಿಗಾದರೂ ಎಂದು ಬಿಂದಿಗೆಯಲ್ಲಿ ಹೊತ್ತು ಹುಯ್ದೆವು.

ಸಾಲಿನ ನಡುವೆ ಅತ್ತೆ ಬಿಂದಿಗೆ ಇಳಿಸಿ ಕೂತುಬಿಟ್ಟರು. ಮಗನ ಹೆಣದ ಮುಂದೆ ಅಳದವರು ಅಲ್ಲಿ ಅತ್ತರು.

"ಬೇರಿಗೆ ನೀರು ಮಡಗಿ ಹೊಂಟೋದ. ಬೀಜಕ್ಕೆ ಯಾರು ಹುಯ್ಬೇಕು ಅಂತ ಹೇಳ್ಲೇ ಇಲ್ಲ ಕಣಮ್ಮ."

"ನಾವಿದ್ದೀವಲ್ಲ ಅತ್ತೆ, ಏಳಿ" ಎಂದೆ.

ಹುಯ್ದ ಸಾಲುಗಳು ಮೊಳೆತವು. ಬೇರಿಳಿದ ಮೇಲೆ, ಕಾಲಡಿಯ ಮರಳು ಸುಡುತ್ತಿದ್ದರೂ ಗಿಡ ಬಾಡಲಿಲ್ಲ.

ಆ ಕಾಯಿ ಕಿತ್ತ ವರ್ಷವೇ ಅತ್ತೆ ನನಗೆ ಗಂಡು ಹುಡುಕಿದರು. ನಾನು ಒಲ್ಲೆ ಎಂದು ಅತ್ತುಬಿಟ್ಟೆ.

"ಸತ್ತ ಗಂಡನ ಹೆಸ್ರು ಹೇಳ್ಕಂಡು ಮುದುಕಿ ಆದೋಳು ಈ ಮನೇಲಿ ನಾನೊಬ್ಳೇ ಸಾಕು. ನೀನು ಹೋಗು" ಎಂದರು.

ಹಿಂದೂಪುರದಲ್ಲಿ ಸೀರೆ ಅಂಗಡಿ ಇಟ್ಟಿದ್ದ, ನೇಕಾರರ ಮನೆಯವರೊಬ್ಬರು ಒಪ್ಪಿದರು. ಮದುವೆಯ ದಿನ ವಿಧವೆ ಮುಂದೆ ಬರಬಾರದು ಎಂದವರನ್ನು ಸರಿಸಿ, ನನ್ನ ಹಣೆಗೆ ಕುಂಕುಮ ಇಟ್ಟವರು ಅತ್ತೆಯೇ.

ಹೋದ ವರ್ಷ ಅವರು ಹೊಲದಲ್ಲೇ ಕುಸಿದು ತೀರಿಕೊಂಡರು. ನೆಂಟರು ಯಾರೂ ನನಗೆ ತಿಳಿಸಲಿಲ್ಲ. ಪಕ್ಕದ ಮನೆಯಾಕೆ ಮಾರನೆಯ ದಿನ ಫೋನ್ ಮಾಡಿದಳು. ನಾನು ಬಸ್ಸಿಳಿಯುವ ಹೊತ್ತಿಗೆ ಮಣ್ಣು ಮುಗಿದಿತ್ತು. ಅತ್ತೆಯ ಓರಗಿತ್ತಿ ಬಾಗಿಲಲ್ಲಿ ನಿಂತಿದ್ದರು.

"ನೀಕು ಮೈಲ ಲೇದಮ್ಮಾ. ನೀನೀಗ ಬೇರೆ ಮನೆಯೋಳು. ನಿಂಗೆಲ್ಲಿ ಸೂತಕ? ಉಂಡ್ಕಂಡು ಹೋಗು."

ಉಣ್ಣಲಿಲ್ಲ. ಮನೆಗೆ ಬಂದು ತಲೆಗೆ ಸ್ನಾನ ಮಾಡಿ, ಹೆತ್ತವಳಿಗೆ ಹಿಡಿಯುವ ಸೂತಕವನ್ನೇ ಹಿಡಿದೆ. ನನ್ನ ಮನೆಯವರು ಎದ್ದು ಹೋಗಿ ದೇವರ ಕೋಣೆಯ ಬಾಗಿಲು ಮುಚ್ಚಿ ಬಂದರು.