ಒಂದೇ ಕೈಯ ಪ್ರೊಫೆಸರು

ಒಂದೇ ಕೈಯಲ್ಲಿ ಪ್ರೊಫೆಸರಾದವಳು ನಾನು ಎಂದರೆ ಜನ ಜಂಬ ಕೊಚ್ಚಿಕೊಳ್ಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಕೊಚ್ಚಿಕೊಳ್ಳುತ್ತಿರುವುದು ನಿಜವೇ, ಆದರೆ ಮಾತು ಸುಳ್ಳಲ್ಲ. ದೇವರು ಕೊಟ್ಟ ಎರಡೂ ಕೈ ನೆಟ್ಟಗಿವೆ. ರೊಟ್ಟಿ ಬಡಿಯುವಾಗ ಎರಡೂ ದುಡಿಯುತ್ತವೆ. ಪ್ರಯೋಗಾಲಯದ ಹೊಸ್ತಿಲು ದಾಟಿದೆನೋ, ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಗಿಬಿಡುತ್ತದೆ. ನನ್ನ ವಿದ್ಯಾರ್ಥಿಗಳು ಬಹಳ ಕಾಲ ಇದನ್ನು ಗತ್ತು ಎಂದು ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಪಾಠ ಹೇಳುವವರಿಗೆ ಒಂಚೂರು ಗತ್ತು ಇರಬೇಕು.

ಇದಕ್ಕೆಲ್ಲ ಮೂಲ ಕಮಲಾಪುರದ ನಮ್ಮ ಆಯಿ, ಎಂದರೆ ಅಪ್ಪನ ತಾಯಿ. ನಮ್ಮದು ಕೆಂಪು ಬಾಳೆಯ ತೋಟದ ಮನೆ. ನಾನು ಜೀವಶಾಸ್ತ್ರ ಓದುತ್ತೇನೆಂದಾಗ ಮನೆಯವರು ಬಾಳೆಗಿಡ ಓದುತ್ತಾಳೆ ಎಂದು ಖುಷಿಪಟ್ಟರು. ಮದುವೆ ಚಪ್ಪರಕ್ಕೆ ಕಟ್ಟುವ ಬಾಳೆಕಂಬ ನಿಜಕ್ಕೂ ಕಂಬವಲ್ಲ, ಒಂದರ ಮೇಲೊಂದು ಸುತ್ತಿಕೊಂಡ ಎಲೆಯ ಬುಡಗಳು ಎಂದು ನಾನು ಹೇಳಿದಾಗ ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದರು. ತೊಂದರೆ ಬಂದದ್ದು ಕಪ್ಪೆಯಿಂದ. ಕಲಬುರಗಿಯ ಗಾಜಿಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಇಂಟರ್‌ಮೀಡಿಯೆಟ್ ಓದಬೇಕು, ಅಲ್ಲಿ ಕಪ್ಪೆ ಕೊಯ್ಯಬೇಕು ಎಂಬ ಸುದ್ದಿ ಹೇಗೋ ಆಯಿಯ ಕಿವಿಗೆ ಬಿತ್ತು.

“ಅದಕ್ಕ ನೋವಾಗೂದಿಲ್ಲೇನು?” ಎಂದಳು.

“ಇಲ್ಲ ಆಯಿ. ಔಷಧ ಮೂಸಸ್ತಾರ, ನಿದ್ದಿ ಹತ್ತತದ.”

“ಮತ್ತ ಯಾವಾಗ ಏಳ್ತದ?”

ಮುಂದೆ ಎಷ್ಟೋ ವಿದ್ವಾಂಸರು ನನಗೆ ಪ್ರಶ್ನೆ ಹಾಕಿದ್ದಾರೆ, ನಾನು ಇಷ್ಟು ತಬ್ಬಿಬ್ಬಾದದ್ದಿಲ್ಲ. ಆಯಿ ಮೂರು ದಿನ ಬೇಡವೆಂದೇ ಪಟ್ಟು ಹಿಡಿದಳು. ಕೊನೆಗೆ ಅಪ್ಪನ ಮುಖ ನೋಡಿ ಒಪ್ಪಿದಳು, ಒಂದು ಷರತ್ತಿನ ಮೇಲೆ. ನಾವು ದಿನಾ ಬೆಳಗ್ಗೆ ಎಡಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡುವವರು. “ಲಿಂಗ ಕೂಡೂ ಕೈಲೆ ಕಪ್ಪಿ ಮುಟ್ಟಬ್ಯಾಡ. ನಾಪಾಸ್ ಆದ್ರ ಸೀದಾ ಮನಿಗಿ ಬಾ, ಮಹಾಗಾಂವದವರು ಹೆಣ್ಣು ಕೇಳಾಕತ್ಯಾರ.” ಲಿಂಗ, ಕಪ್ಪೆ, ಮಹಾಗಾಂವದ ವರ, ಮೂರನ್ನೂ ಒಂದೇ ಉಸಿರಿನಲ್ಲಿ ಮುಗಿಸಿದಳು.

ಕಪ್ಪೆ ಕೊಯ್ಯುವುದು ಎರಡು ಕೈ ಕೆಲಸ. ಎಡಗೈಯಲ್ಲಿ ಚಿಮಟ ಹಿಡಿದು ಚರ್ಮ ಎತ್ತಬೇಕು, ಬಲಗೈಯಲ್ಲಿ ಕತ್ತರಿ ಆಡಿಸಬೇಕು. ನಾನು ಚಿಮಟದ ಬದಲು ಗುಂಡುಸೂಜಿ ನೆಚ್ಚಿಕೊಂಡೆ. ಒಂದಿಷ್ಟು ಕತ್ತರಿಸುವುದು, ಕತ್ತರಿ ಕೆಳಗಿಟ್ಟು ಚರ್ಮವನ್ನು ಸೂಜಿಯಿಂದ ಮೇಣದ ತಟ್ಟೆಗೆ ಚುಚ್ಚುವುದು, ಮತ್ತೆ ಕತ್ತರಿ. ಬೇರೆಯವರು ಮುಗಿಸಿ ಕೈ ತೊಳೆದು ಚಹಾ ಕುಡಿದು ಬಂದರೂ ನನ್ನ ಕಪ್ಪೆ ಅರ್ಧಕ್ಕೇ ಇರುತ್ತಿತ್ತು. ಆದರೆ ಚಿಮಟದ ಎಳೆದಾಟವಿಲ್ಲದ್ದರಿಂದ ಒಂದು ರಕ್ತನಾಳವೂ ಹರಿಯುತ್ತಿರಲಿಲ್ಲ. ನಿಧಾನವೇ ಪ್ರಧಾನ ಎಂದು ಬಾಯಲ್ಲಿ ಹೇಳುವವರು ಬಹಳ. ನನಗೆ ಬೇರೆ ದಾರಿಯೇ ಇರಲಿಲ್ಲ.

ಇದರ ನಡುವೆ ಭಾಷೆಯ ಫಜೀತಿ ಬೇರೆ. ನಿಜಾಮರ ಕಾಲದ ಶಾಲೆಯಲ್ಲಿ ನಾನು ವಿಜ್ಞಾನ ಕಲಿತದ್ದು ಉರ್ದುವಿನಲ್ಲಿ. ಹೃದಯ ನನಗೆ ಮೊದಲು ಪರಿಚಯವಾದದ್ದು ‘ಕಲ್ಬ್’ ಎಂದು. ಆಮೇಲೆ ಪೊಲೀಸ್ ಕಾರ್ಯಾಚರಣೆ ಆಯಿತು. ಬಾಗಿಲು ಹಾಕಿಕೊಂಡು ಹೆದರಿ ಕೂತ ದಿನಗಳು ಕಳೆದವು. ಹೈದರಾಬಾದ್ ಸಂಸ್ಥಾನ ಹೋಗಿ ಹೈದರಾಬಾದ್ ರಾಜ್ಯವಾಗಿ, ನಾನು ಕಾಲೇಜಿಗೆ ಬರುವ ಹೊತ್ತಿಗೆ ಕಪ್ಪೆಯ ಅಂಗಾಂಗಗಳೆಲ್ಲ ಇಂಗ್ಲಿಷ್ ಹೆಸರು ಇಟ್ಟುಕೊಂಡಿದ್ದವು. ಕಪ್ಪೆಗೆ ಅದರಿಂದ ಏನೂ ಅನ್ನಿಸಿರಲಿಕ್ಕಿಲ್ಲ. ಜೀವ ಬಾಯಿಗೆ ಬಂದದ್ದು ನಮಗೆ. ಬಾಯಿಪಾಠ ಆಗದವರು ಆ ಹೆಸರುಗಳನ್ನು ಶಾಯಿಯಿಂದ ಅಂಗೈಯಲ್ಲಿ ಬರೆದುಕೊಂಡು ಪರೀಕ್ಷೆಗೆ ಬರುತ್ತಿದ್ದರು.

ಪ್ರಾಯೋಗಿಕ ಪರೀಕ್ಷೆಗೆ ಹೈದರಾಬಾದಿನಿಂದ ಬಂದವರು ಶೇರವಾನಿ ತೊಟ್ಟ ವಯಸ್ಸಾದ ಪ್ರೊಫೆಸರ್ ಸಾಹೇಬರು. ಸಾಲಾಗಿ ನೋಡುತ್ತ ಬಂದು ನನ್ನ ಮೇಜಿನ ಮುಂದೆ ನಿಂತರು. ಎಲ್ಲರ ಎರಡೂ ಕೈ ತಟ್ಟೆಯ ಮೇಲೆ, ಈ ಹುಡುಗಿಯ ಎಡಗೈ ಮಾತ್ರ ಬೆನ್ನ ಹಿಂದೆ. ಯಾರಿಗಾದರೂ ಅನುಮಾನ ಬಾರದೇ ಇರುತ್ತದೆಯೆ?

“ಬಾಯಾಂ ಹಾಥ್ ಆಗೇ ಲಾವ್, ಬೇಟಿ. ಖೋಲೋ,” ಎಂದರು. ಎಡಗೈ ಮುಂದೆ ತಾ, ಬಿಚ್ಚು.

ಇವರು ಹೊರಗೆ ಕಳಿಸಿದರೆ ನೇರ ಕಮಲಾಪುರ, ಅಲ್ಲಿಂದ ಮಹಾಗಾಂವ. ಅಂಗೈ ಬಿಚ್ಚಿದೆ. ಶಾಯಿ ಇರಲಿಲ್ಲ, ಬೆಳಗಿನ ಪೂಜೆಯ ವಿಭೂತಿಯ ಗುರುತು ಇತ್ತು. ನಾನು ಕಲಿತಿದ್ದ ಉರ್ದುವಿನಲ್ಲೇ ಆಯಿಯ ಷರತ್ತನ್ನೆಲ್ಲ ಹೇಳಿದೆ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. “ವಾಪಸ್ ರಖ್ ಲೋ. ಮಗರ್ ರಿಯಾಯತ್ ನಹೀಂ ಮಿಲೇಗಿ,” ಎಂದರು. ಕೈ ಹಿಂದಿಟ್ಟುಕೋ, ಆದರೆ ಅಂಕದಲ್ಲಿ ದಯೆ ತೋರಿಸುವುದಿಲ್ಲ ಎಂದು. ದಯೆ ಯಾರಿಗೆ ಬೇಕಿತ್ತು? ಗಂಟೆ ಬಾರಿಸುವ ಮೊದಲು ಹೃದಯದಿಂದ ಹೊರಟ ನಾಳಗಳೆಲ್ಲ ಬಾಳೆನಾರಿನಂತೆ ಬಿಡಿಬಿಡಿಯಾಗಿ ಹರಡಿದ್ದವು. ಸಾಹೇಬರು ಒಂದೊಂದರ ಹೆಸರು ಕೇಳಿದರು, ನಾನು ಇಂಗ್ಲಿಷಿನಲ್ಲೂ ಉರ್ದುವಿನಲ್ಲೂ ಹೇಳಿದೆ. ಉರ್ದು ಹೆಸರು ಬಂದಾಗಲೆಲ್ಲ ಅವರ ಮುಖ ಅರಳುತ್ತಿತ್ತು. ಆಮೇಲೆ ಉಳಿದವರನ್ನೆಲ್ಲ ಕರೆದು ನನ್ನ ತಟ್ಟೆ ತೋರಿಸಿದರು.

ಮುಂದೆ ಡಾಕ್ಟರೇಟಿಗೆ ನಮ್ಮ ಬಾಳೆತೋಟದ ಕಪ್ಪೆಗಳನ್ನೇ ಆರಿಸಿಕೊಂಡೆ. ಬದುಕಿದ್ದ ಕಪ್ಪೆಗಳು, ಅವುಗಳ ಕೂಗು, ಅವುಗಳ ಸಂಸಾರ. ಆಯಿಯ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಗಲಿಲ್ಲ. ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾದೆ, ವಿಭಾಗ ನಡೆಸಿದೆ, ಶಾಲುಗಳು ಪೆಟ್ಟಿಗೆ ತುಂಬ ಬಿದ್ದಿವೆ. ಆದರೂ ನನಗೆ ದೊಡ್ಡ ಸನ್ಮಾನ ಆದದ್ದು ಇಂಟರ್ ಫಲಿತಾಂಶ ಬಂದ ವಾರ, ಕಮಲಾಪುರದ ಪಡಸಾಲೆಯಲ್ಲಿ. ಮಹಾಗಾಂವದವರು ಬಂದಿದ್ದರು. ಅಪ್ಪ ಆಯಿಯ ಕಡೆ ನೋಡಿದರು. ನಾನು ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದೆ. ಆಯಿ ಬಂದವರ ಮುಂದೆ ಬಾಳೆಹಣ್ಣಿನ ಬುಟ್ಟಿ ಸರಿಸಿ ಹೇಳಿದಳು:

“ಹಣ್ಣು ತಿನ್ರಿ. ಸಿಟ್ಟಾಗಬ್ಯಾಡ್ರಿ. ನಮ್ಮ ಹುಡುಗಿದು ಒಂದು ಕೈ ಲಿಂಗಕ್ಕ ಅದ, ಇನ್ನೊಂದು ಕಪ್ಪಿಗಿ ಅದ. ನಿಮ್ಮ ಹುಡುಗನ ಕೈ ಹಿಡಿಲಾಕ ಸದ್ಯಕ್ಕ ಖಾಲಿ ಇಲ್ಲ.”